ಕುದುರೆ ಮೇಲಿನ ಪಾದ್ರಿ ಪೀಟರ್ ಕಾರ್ಟ್‌ರೈಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಹಳೆಯ ಗಡಿ ಪ್ರದೇಶದ, ಅಂದರೆ ಕಾಡುಸೀಮೆಯ, ಪಾದ್ರಿಗಳ ವಿಷಯ ಎತ್ತಿದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಬರುತ್ತವೆ. ಯುವಕರ ಕೂಟದಲ್ಲಿ ಕೇಳಿದವು, ಪತ್ರದಲ್ಲಿ ಬಂದವು, ಊಟಕ್ಕೆ ಕೂತಾಗ ಕೇಳಿದವು, ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದವು ಮೊದಲು, ಇಕ್ಕಟ್ಟಿನವು ಆಮೇಲೆ.

## ಮೊದಲ ಪರಿಚಯ

ಯಾರಿದು ಪೀಟರ್ ಕಾರ್ಟ್‌ರೈಟ್? ನಾನಂತೂ ಹೆಸರೇ ಕೇಳಿಲ್ಲ.

ಕೇಳದಿದ್ದರೆ ಆಶ್ಚರ್ಯವೇನಿಲ್ಲ. ಅಮೆರಿಕದಲ್ಲೂ ಬಹಳ ಜನಕ್ಕೆ ಆತ ಗೊತ್ತಿರುವುದು ಅಬ್ರಹಾಂ ಲಿಂಕನ್ ಎದುರು ಚುನಾವಣೆ ಸೋತ ಪಾದ್ರಿ ಅಂತ ಮಾತ್ರ.

ಹುಟ್ಟಿದ್ದು 1785ರ ಸೆಪ್ಟೆಂಬರ್ 1ರಂದು, ವರ್ಜೀನಿಯಾದಲ್ಲಿ. ಚಿಕ್ಕ ಹುಡುಗನಾಗಿದ್ದಾಗಲೇ ಮನೆಯವರು ಕೆಂಟಕಿಯ ಕಾಡಿಗೆ ಬಂದರು. 1801ರಲ್ಲಿ ಮೆಥೋಡಿಸ್ಟ್ ಸಭೆ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಸೇರಿದ. ಅಲ್ಲಿಂದ ಎಪ್ಪತ್ತು ವರ್ಷದ ಹತ್ತಿರ ಕೆಂಟಕಿ, ಟೆನ್ನೆಸ್ಸೀ, ಒಹಾಯೊ, ಇಂಡಿಯಾನಾ, ಇಲಿನಾಯ್ ಕಡೆ ಕುದುರೆ ಮೇಲೆ ತಿರುಗಿ ಬೋಧನೆ ಮಾಡಿದ, ಸಭೆಗಳನ್ನು ಕಟ್ಟಿದ. ಅದರಲ್ಲಿ ಸುಮಾರು 50 ವರ್ಷ ಪ್ರಿಸೈಡಿಂಗ್ ಎಲ್ಡರ್. ಅಂದರೆ ಹಲವು ಸರ್ಕಿಟ್‌ಗಳಿರುವ (ಪಾದ್ರಿ ತಿರುಗುವ ಸುತ್ತುದಾರಿಗಳಿರುವ) ಒಂದು ಜಿಲ್ಲೆಯ ಮೇಲ್ವಿಚಾರಕ. 1872ರಲ್ಲಿ ಇಲಿನಾಯ್‌ನ ಪ್ಲೆಸೆಂಟ್ ಪ್ಲೇನ್ಸ್ ಬಳಿ ತೀರಿಕೊಂಡಾಗ ಆತನಿಗೆ 87 ವರ್ಷ.

ಗಡಿ ಪ್ರದೇಶ ಅಂತೀರಲ್ಲ, ಯಾವ ಗಡಿ? ಕೆನಡಾ ಗಡಿನಾ?

ಅಲ್ಲ. ಬಿಳಿಯರ ವಲಸೆ ಪಶ್ಚಿಮಕ್ಕೆ ಎಲ್ಲಿಯವರೆಗೆ ತಲುಪಿತ್ತೋ ಅದೇ ಆಗಿನ ಗಡಿ. ಅದು ಪ್ರತಿ ಹತ್ತು ವರ್ಷಕ್ಕೂ ಮುಂದಕ್ಕೆ ಸರಿಯುತ್ತಿತ್ತು. ಕೆಂಟಕಿ ರಾಜ್ಯವಾದದ್ದು 1792ರಲ್ಲಿ. 1790ರಲ್ಲಿ ಅಲ್ಲಿದ್ದ ಜನ ಸುಮಾರು 73,000. 1800ಕ್ಕೆ 2,20,000 ದಾಟಿತ್ತು. ಹತ್ತೇ ವರ್ಷದಲ್ಲಿ ಮೂರು ಪಟ್ಟು! ರಸ್ತೆ ಇಲ್ಲ, ಸೇತುವೆ ಇಲ್ಲ, ಶಾಲೆ ಅಪರೂಪ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೆಲವು ಮೈಲಿ ನಡೆಯಬೇಕು. ಇಂಥ ಕಡೆ ಊರ ಮಧ್ಯೆ ಚರ್ಚ್ ಕಟ್ಟಿ, ಪಾದ್ರಿಯನ್ನು ಕೂರಿಸಿ, ಜನ ಬರಲಿ ಅಂತ ಕಾಯುವುದು ಆಗದ ಮಾತು. ಊರೇ ಇರಲಿಲ್ಲ ಅಲ್ವಾ.

ಕಾರ್ಟ್‌ರೈಟ್ ಬೆಳೆದದ್ದು ಲೋಗನ್ ಕೌಂಟಿಯಲ್ಲಿ. ಆ ಸೀಮೆಗೆ ಜನ ಇಟ್ಟ ಹೆಸರು 'ರೋಗ್ಸ್ ಹಾರ್ಬರ್', ಅಂದರೆ ಪುಂಡರ ಬೀಡು. ಕುದುರೆ ಕಳ್ಳರು, ಖೋಟಾ ನೋಟಿನವರು, ಕೊಲೆ ಮಾಡಿ ಪೂರ್ವದಿಂದ ಓಡಿ ಬಂದವರು ಎಲ್ಲ ಅಲ್ಲಿ ಸೇರಿದ್ದರು.

ಆತ ಮೊದಲು ಇಸ್ಪೀಟು ಆಡ್ತಿದ್ದ ಅಂತಾರೆ. ಆಮೇಲೆ ಪಾದ್ರಿ ಆಗಿದ್ದು ಹೇಗೆ?

ಇಸ್ಪೀಟು, ಕುದುರೆ ಜೂಜು, ಕುಣಿತ ಮೂರೂ ಇತ್ತು. ರೇಸ್ ಕುದುರೆಯನ್ನೂ ಇಸ್ಪೀಟು ಕಟ್ಟನ್ನೂ ಕೊಡಿಸಿದ್ದು ಅಪ್ಪನೇ. ಅಮ್ಮ ಮಾತ್ರ ಗಟ್ಟಿ ಮೆಥೋಡಿಸ್ಟ್.

1801ರಲ್ಲಿ ಒಂದು ಮದುವೆಗೆ ಹೋಗಿ ಕುಣಿದು ಮನೆಗೆ ಬಂದ ರಾತ್ರಿ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಳ್ಳತೊಡಗಿತು, ಈಗಲೇ ಸಾಯುತ್ತೇನೆ ಅನ್ನಿಸಿತು ಎಂದು ಆತ ಬರೆದಿದ್ದಾನೆ. ಅಮ್ಮ ಎದ್ದು ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥಿಸಿದಳು. ಬೆಳಿಗ್ಗೆ ಕುದುರೆ ಮಾರಿಬಿಡಿ ಎಂದು ಅಪ್ಪನಿಗೆ ಹೇಳಿದ. ಇಸ್ಪೀಟು ಕಟ್ಟನ್ನು ಅಮ್ಮ ಒಲೆಗೆ ಹಾಕಿದಳು. ಆದರೂ ಮನಸ್ಸಿಗೆ ಸಮಾಧಾನ ಸಿಗಲು ತಿಂಗಳುಗಳೇ ಹಿಡಿದವು. ಕೊನೆಗೆ ಅದು ಸಿಕ್ಕಿದ್ದು ಮನೆ ಹತ್ತಿರ ನಡೆದ, ಪ್ರೆಸ್ಬಿಟೇರಿಯನ್ ಎಂಬ ಇನ್ನೊಂದು ಪಂಗಡದ ಕೂಟದಲ್ಲಿ. ಸೇರಿದ್ದು ಮಾತ್ರ ಅಮ್ಮನ ಮೆಥೋಡಿಸ್ಟ್ ಸಭೆಗೆ.

ಕ್ಯಾಂಪ್ ಮೀಟಿಂಗ್ ಅಂದ್ರೆ ನಮ್ಮ ಜಾತ್ರೆ ಥರಾನಾ? ಜನ ಮೈಮೇಲೆ ಬಂದ ಹಾಗೆ ಆಡ್ತಿದ್ರಂತೆ?

ನೋಡಲು ಜಾತ್ರೆಯೇ. ಬಂಡಿ ಕಟ್ಟಿಕೊಂಡು, ಬುತ್ತಿ ತಗೊಂಡು, ಮಕ್ಕಳುಮರಿ ಸಮೇತ ಬರುತ್ತಿದ್ದರು. ಕಾಡಿನ ನಡುವೆ ಬಯಲು ಮಾಡಿ, ಸುತ್ತ ಡೇರೆ ಹಾಕಿ, ಮರದ ದಿಮ್ಮಿಗಳ ಮೇಲೆ ಕೂತು ಮೂರು ನಾಲ್ಕು ದಿನ, ಕೆಲವೊಮ್ಮೆ ವಾರಗಟ್ಟಲೆ ಬೋಧನೆ ಕೇಳುತ್ತಿದ್ದರು. ರಾತ್ರಿ ಪಂಜಿನ ಬೆಳಕು. ತಿಂಗಳಾನುಗಟ್ಟಲೆ ಮನೆಯವರ ಮುಖ ಬಿಟ್ಟು ಬೇರೆ ಮುಖ ನೋಡದ ಜನಕ್ಕೆ ಇದೊಂದು ದೊಡ್ಡ ಸಂಭ್ರಮ. ಪಕ್ಕದ ಪೊದೆಯ ಹಿಂದೆ ವಿಸ್ಕಿ ಮಾರುವವರೂ ಇರುತ್ತಿದ್ದರು.

ಎಲ್ಲಕ್ಕಿಂತ ದೊಡ್ಡದು 1801ರ ಆಗಸ್ಟ್‌ನಲ್ಲಿ ಕೆಂಟಕಿಯ ಕೇನ್ ರಿಜ್‌ನಲ್ಲಿ ನಡೆಯಿತು. ಕರೆದವರು ಬಾರ್ಟನ್ ಸ್ಟೋನ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿ. 10,000 ಜನ ಅಂತ ಕೆಲವರು, 20,000ಕ್ಕೂ ಮೇಲೆ ಅಂತ ಕೆಲವರು ಲೆಕ್ಕ ಹೇಳುತ್ತಾರೆ. ಒಂದೇ ಸಲಕ್ಕೆ ಹಲವು ಪಾದ್ರಿಗಳು ಬಂಡಿ ಮೇಲೆ, ಬಿದ್ದ ಮರದ ಮೇಲೆ ನಿಂತು ಬೋಧಿಸುತ್ತಿದ್ದರು.

ಮೈ ನಡುಗುವುದೂ ನಿಜ. ಅದನ್ನು 'ಜರ್ಕ್ಸ್' ಅನ್ನುತ್ತಿದ್ದರು. ತಲೆ, ಕೈಕಾಲು ಹಿಡಿತ ತಪ್ಪಿ ಝಾಡಿಸುತ್ತಿದ್ದವು. ತನ್ನ ಕೂಟಗಳಲ್ಲಿ ಒಂದೇ ಹೊತ್ತಿಗೆ ಐನೂರಕ್ಕೂ ಹೆಚ್ಚು ಜನ ಹೀಗೆ ನಡುಗಿದ್ದನ್ನು ಕಂಡೆ ಎನ್ನುತ್ತಾನೆ ಕಾರ್ಟ್‌ರೈಟ್. ರೇಷ್ಮೆ ತೊಟ್ಟು ಬಂದ ಶ್ರೀಮಂತ ಹೆಂಗಸರ ಟೋಪಿ, ಬಾಚಣಿಗೆ ಹಾರಿ ಬೀಳುವುದು ನೋಡಿ ನಗು ಬರುತ್ತಿತ್ತು ಅಂತಲೂ ಒಪ್ಪಿಕೊಂಡಿದ್ದಾನೆ. ಆತ ಅದನ್ನು ದೇವರ ಕೆಲಸ ಅಂತಲೇ ನಂಬಿದ್ದ. ಆದರೆ ದರ್ಶನ ಆಯಿತು, ಲೋಕ ಮುಗಿಯುವ ದಿನ ತಿಳಿಯಿತು ಅಂತ ಯಾರಾದರೂ ಶುರು ಮಾಡಿದರೆ ಅಲ್ಲೇ ತಡೆಯುತ್ತಿದ್ದ.

## ಕೆಲಸ ನಡೆಯುತ್ತಿದ್ದ ಬಗೆ

ಯಾರೋ ಕುದುರೆ ಮೇಲೆ ಬಂದು ಒಂದು ಗಂಟೆ ಮಾತಾಡಿ ಹೋದ್ರೆ ಅಲ್ಲಿ ಚರ್ಚ್ ಹೇಗೆ ಹುಟ್ಟುತ್ತೆ?

ನನಗೆ ಇಷ್ಟವಾದ ಪ್ರಶ್ನೆ ಇದು. ಪಾದ್ರಿ ಬಂದದ್ದರಿಂದ ಮಾತ್ರ ಹುಟ್ಟುತ್ತಿರಲಿಲ್ಲ. ಆತ ಹೋದ ಮೇಲೆ ಅಲ್ಲಿ ಏನು ಉಳಿಯುತ್ತಿತ್ತೋ ಅದರಿಂದ ಹುಟ್ಟುತ್ತಿತ್ತು.

ಮೆಥೋಡಿಸ್ಟರ ವ್ಯವಸ್ಥೆ ಕೆಳಗಿನಿಂದ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಎಲ್ಲಕ್ಕಿಂತ ಕೆಳಗಿದ್ದದ್ದು 'ಕ್ಲಾಸ್'. ಹತ್ತು ಹನ್ನೆರಡು ಜನರ ಗುಂಪು. ಅದಕ್ಕೊಬ್ಬ ಕ್ಲಾಸ್ ಲೀಡರ್. ಆತ ಪಾದ್ರಿಯಲ್ಲ, ಅಲ್ಲೇ ಹೊಲ ಉಳುವವನು. ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರಬೇಕು. ನಿನ್ನ ಆತ್ಮದ ಸ್ಥಿತಿ ಹೇಗಿದೆ, ಈ ವಾರ ಕುಡಿದೆಯಾ, ಪಕ್ಕದ ಮನೆಯವನ ಜೊತೆ ಜಗಳ ಮುಗಿಯಿತಾ ಎಂದು ಲೀಡರ್ ಒಬ್ಬೊಬ್ಬರನ್ನೂ ಕೇಳುತ್ತಾನೆ. ಕಾಸೋ ಅರೆಕಾಸೋ ಕಾಣಿಕೆ ಕೂಡಿಸುತ್ತಾನೆ. ಕೆಲವು ಕ್ಲಾಸ್ ಸೇರಿದರೆ ಒಂದು ಸೊಸೈಟಿ, ಅಂದರೆ ಆ ಜಾಗದ ಸಭೆ. ಇಪ್ಪತ್ತು ಮೂವತ್ತು ಇಂಥ ಜಾಗಗಳನ್ನು ಸುತ್ತುವ ದಾರಿಗೆ ಸರ್ಕಿಟ್ ಎಂದು ಹೆಸರು. ಆ ದಾರಿಯಲ್ಲಿ ತಿರುಗುವವನು ಸರ್ಕಿಟ್ ರೈಡರ್. ಒಂದು ಸುತ್ತಿಗೆ ಸಾಮಾನ್ಯವಾಗಿ ನಾಲ್ಕು ವಾರ, ದೊಡ್ಡದಾದರೆ ಆರು. ಹೆಚ್ಚುಕಡಿಮೆ ದಿನಕ್ಕೊಂದು ಬೋಧನೆ. ಹಲವು ಸರ್ಕಿಟ್‌ಗಳ ಮೇಲೆ ಪ್ರಿಸೈಡಿಂಗ್ ಎಲ್ಡರ್, ಎಲ್ಲರ ಮೇಲೆ ಬಿಷಪ್.

ಈಗ ಲೆಕ್ಕ ಹಾಕಿ. ಪಾದ್ರಿ ಒಂದು ಜಾಗಕ್ಕೆ ಬರುವುದು ತಿಂಗಳಿಗೊಮ್ಮೆ, ಅದೂ ವಾರದ ನಡುವಿನ ಯಾವುದೋ ದಿನ. ಉಳಿದ ಅಷ್ಟೂ ದಿನ ಸಭೆ ನಡೆಸಿದ್ದು ಕ್ಲಾಸ್ ಲೀಡರ್. ಜೊತೆಗೆ 'ಲೋಕಲ್ ಪ್ರೀಚರ್' (ಅಲ್ಲೇ ಇದ್ದು ಬೋಧಿಸುವವನು), 'ಎಗ್ಸಾರ್ಟರ್' (ಜನರನ್ನು ಹುರಿದುಂಬಿಸಿ ಬುದ್ಧಿ ಹೇಳುವವನು) ಎಂಬ ಇಬ್ಬರು. ಇವರಿಗೂ ಸಂಬಳವಿಲ್ಲ.

ಕಾರ್ಟ್‌ರೈಟ್ ಮನೆಯ ಕಥೆಯನ್ನೇ ತಗೊಳ್ಳಿ. ಅವರು ಲೋಗನ್ ಕೌಂಟಿಗೆ ಬಂದಾಗ ಮನೆಯಿಂದ ನಾಲ್ಕು ಮೈಲಿ ದೂರದಲ್ಲಿ 13 ಜನರ ಒಂದು ಕ್ಲಾಸ್ ಇತ್ತು. ಒಬ್ಬ ಲೋಕಲ್ ಪ್ರೀಚರ್, ಒಬ್ಬ ಎಗ್ಸಾರ್ಟರ್, ಒಬ್ಬ ಲೀಡರ್, ಮಿಕ್ಕವರು ಸಾಮಾನ್ಯ ಜನ. ಅಮ್ಮ ವರ್ಷಗಟ್ಟಲೆ ಪ್ರತಿ ಭಾನುವಾರ ಆ ನಾಲ್ಕು ಮೈಲಿ ನಡೆದು ಹೋಗುತ್ತಿದ್ದಳು. ಆ ಕ್ಲಾಸ್ ಕೆಲವು ವರ್ಷ ಹಿಗ್ಗಿತು, ಕೆಲವು ವರ್ಷ ಕುಗ್ಗಿತು. 1799ರ ಸುಮಾರಿಗೆ ಜನ ತುಂಬಿಕೊಂಡರು. ಎಬೆನೇಜರ್ ಎಂದು ಹೆಸರಿಟ್ಟರು. ಮುಂದೆ ಸಾವಿರಾರು ಜನರನ್ನು ಸಭೆಗೆ ಸೇರಿಸಿದ ಮಗ ಮೊದಲು ಸೇರಿದ್ದು ಈ ಎಬೆನೇಜರ್‌ಗೇ. ಪಯನೀಯರ್ ಪಾದ್ರಿ ಚರ್ಚ್ ಕಟ್ಟಿದ ಅಂತ ಓದುವಾಗ ನನಗೆ ನೆನಪಾಗುವುದು ನಾಲ್ಕು ಮೈಲಿ ನಡೆದ ಆ ಹೆಂಗಸು.

1802ರಲ್ಲಿ ಮನೆಯವರು ಕಂಬರ್ಲೆಂಡ್ ನದಿ ಒಹಾಯೊ ನದಿಗೆ ಸೇರುವ ಕಡೆಗೆ ವಲಸೆ ಹೋದರು. ಅಲ್ಲಿ ಸರ್ಕಿಟ್ ಇರಲಿಲ್ಲ. ಹೋಗುವಾಗ ಜೆಸ್ಸಿ ವಾಕರ್ ಎಂಬ ಪಾದ್ರಿ ಹುಡುಗನ ಕೈಗೆ ಎಗ್ಸಾರ್ಟರ್ ಅನುಮತಿ ಚೀಟಿ ಕೊಟ್ಟಿದ್ದರು. ಹೊಸ ಸರ್ಕಿಟ್ ಕಟ್ಟುವ ಕೆಲಸವೂ ಅವನ ತಲೆಗೇ ಬಂತು. ವಯಸ್ಸು ಹದಿನೇಳರ ಆಸುಪಾಸು! ಆತ ಮಾಡಿದ್ದು ಇಷ್ಟೇ: ಪೂರ್ವದಿಂದ ಬಂದು ಅಲ್ಲಲ್ಲಿ ನೆಲೆಸಿದ್ದ ಹಳೆಯ ಮೆಥೋಡಿಸ್ಟರನ್ನು ಹುಡುಕಿದ, ಒಟ್ಟು ಹಾಕಿದ, ಕ್ಲಾಸ್ ಮಾಡಿದ.

ಚರ್ಚ್ ಶುರುವಾದ ಒಂದು ನಿಜವಾದ ಸಂದರ್ಭ ಹೇಳ್ತೀರಾ?

ಆತನೇ ಬರೆದ ಒಂದು ಕಥೆ ಬಹಳ ಹೆಸರುವಾಸಿ. ಕಂಬರ್ಲೆಂಡ್ ಬೆಟ್ಟಗಳಲ್ಲಿ ಪ್ರಯಾಣ ಮಾಡುವಾಗ ಒಂದು ಶನಿವಾರ ರಾತ್ರಿ ಯಾರದೋ ತಂಗುಮನೆಯಲ್ಲಿ ಉಳಿದ. ಅಲ್ಲಿ ಪಿಟೀಲು, ಕುಣಿತ. ಮೂಲೆಯಲ್ಲಿ ಕೂತಿದ್ದವನ ಹತ್ತಿರ ಒಬ್ಬ ಚೆಲುವೆ ಬಂದು ಕುಣಿಯೋಣ ಬನ್ನಿ ಅಂದಳು. ಈತ ಎದ್ದು ಅವಳ ಕೈ ಹಿಡಿದು ನಡುಮನೆಗೆ ಬಂದ. ಮುಖ್ಯವಾದ ಯಾವ ಕೆಲಸವನ್ನೂ ದೇವರ ಆಶೀರ್ವಾದ ಕೇಳದೆ ನಾನು ಶುರು ಮಾಡುವುದಿಲ್ಲ ಎಂದು ಹೇಳಿ ಅಲ್ಲೇ ಮೊಣಕಾಲೂರಿ ಗಟ್ಟಿಯಾಗಿ ಪ್ರಾರ್ಥಿಸತೊಡಗಿದ. ಹುಡುಗಿ ಕೈ ಬಿಡಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಕೆಲವರು ಓಡಿದರು, ಕೆಲವರು ಅತ್ತರು. ಪಿಟೀಲಿನವನು ಅಡುಗೆಮನೆಗೆ ನುಗ್ಗಿದ.

ಜನ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನ ಎರಡು ಸಾಲು ನನಗೆ ಹೆಚ್ಚು ಮುಖ್ಯ. ಮಾರನೆಯ ದಿನ ಬೋಧನೆ ಮಾಡಿದ, 32 ಜನರನ್ನು ಸೇರಿಸಿಕೊಂಡು ಸೊಸೈಟಿ ಮಾಡಿದ. ಆ ಮನೆಯ ಯಜಮಾನನನ್ನೇ ಲೀಡರ್ ಮಾಡಿದ. ಅಲ್ಲಿಗೆ ಒಬ್ಬ ಪಾದ್ರಿಯನ್ನು ಕಳಿಸುವ ಏರ್ಪಾಡು ಮಾಡಿ ತನ್ನ ದಾರಿ ಹಿಡಿದ. ಯಜಮಾನ ಆಮೇಲೆ ಎಷ್ಟೋ ವರ್ಷ ಆ ಕೆಲಸ ನಡೆಸಿದನಂತೆ.

ಸಂಬಳ ಎಷ್ಟಿತ್ತು? ಯಾರು ಕೊಡ್ತಿದ್ರು?

1800ರಿಂದ ವರ್ಷಕ್ಕೆ 80 ಡಾಲರ್, 1816ರಿಂದ 100 ಡಾಲರ್. ಬಿಷಪ್‌ಗೂ ಅಷ್ಟೇ, ಹೊಸ ಹುಡುಗನಿಗೂ ಅಷ್ಟೇ. ಇದು ಕಾಗದದ ಮೇಲಿನ ಮಾತು. ಕೊಡಬೇಕಾದವರು ಸರ್ಕಿಟ್‌ನ ಜನ. ಅವರ ಹತ್ತಿರವೇ ನಗದು ಇರಲಿಲ್ಲ. ಪೂರ್ತಿ ಸಂಬಳ ಕಂಡವರು ಅಪರೂಪ. ಊಟ, ರಾತ್ರಿ ಮಲಗಲು ಜಾಗ, ಕುದುರೆಗೆ ಜೋಳ ಸಿಗುತ್ತಿತ್ತು. ಕೆಲವೊಮ್ಮೆ ಒಂದು ಜೊತೆ ಕಾಲುಚೀಲ.

ಕಾರ್ಟ್‌ರೈಟ್ ಹೊಸದರಲ್ಲಿ ಒಹಾಯೊದ ಮರಿಯೆಟ್ಟಾ ಸರ್ಕಿಟ್‌ಗೆ ಹೋಗಿದ್ದ. ಮನೆಗೆ ಹೊರಡುವ ಹೊತ್ತಿಗೆ ಕುದುರೆಗೆ ಕಣ್ಣು ಹೋಗಿತ್ತು. ಜೀನು ಹರಿದಿತ್ತು. ಬಟ್ಟೆಗೆ ತೇಪೆ ಹಾಕಿ ಹಾಕಿ ಮೂಲ ಬಟ್ಟೆ ಯಾವುದು ಅಂತ ಗೊತ್ತಾಗದ ಸ್ಥಿತಿ. ಜೇಬಿನಲ್ಲಿ 75 ಸೆಂಟ್. ಮನೆ ನೂರಾರು ಮೈಲಿ ದೂರ. ಹೇಗೋ ತಲುಪಿದ. ಅಪ್ಪ ಹೊಸ ಬಟ್ಟೆ, ಹೊಸ ಕುದುರೆ, 40 ಡಾಲರ್ ಕೊಟ್ಟು ಮತ್ತೆ ಕಳಿಸಿದ. ಇಸ್ಪೀಟು ಕಟ್ಟು ಕೊಡಿಸಿದ್ದ ಅದೇ ಅಪ್ಪ!

ಪುಸ್ತಕ ಮಾರಾಟದಿಂದಲೂ ಸ್ವಲ್ಪ ಬರುತ್ತಿತ್ತು. ಮೆಥೋಡಿಸ್ಟರು 1789ರಲ್ಲೇ ಸ್ವಂತ ಪ್ರಕಾಶನ ಶುರು ಮಾಡಿದ್ದರು. ಪಾದ್ರಿಯ ಜೀನುಚೀಲದಲ್ಲಿ ಸತ್ಯವೇದ, ಗೀತೆ ಪುಸ್ತಕ, ಸಭೆಯ ನಿಯಮಗಳ ಪುಸ್ತಕದ ಜೊತೆ ಮಾರುವ ಪುಸ್ತಕಗಳೂ ಇರುತ್ತಿದ್ದವು. ಎಷ್ಟೋ ಮನೆಗಳಿಗೆ ಮೊದಲ ಪುಸ್ತಕ ಬಂದದ್ದೇ ಹೀಗೆ.

ಹೆಂಡತಿ ಮಕ್ಕಳು ಏನ್ಮಾಡ್ತಿದ್ರು ಪಾಪ?

ಮದುವೆಯಾದ ಕೂಡಲೇ ತಿರುಗಾಟ ಬಿಡುವುದು ಆಗ ಸಾಮಾನ್ಯವಾಗಿತ್ತು. 80 ಡಾಲರ್‌ನಲ್ಲಿ ಸಂಸಾರ ಸಾಗುವುದಿಲ್ಲ. ಬಿಷಪ್ ಫ್ರಾನ್ಸಿಸ್ ಆಸ್ಬರಿ ಕೊನೆಯವರೆಗೂ ಮದುವೆಯಾಗಲಿಲ್ಲ, ಸ್ವಂತ ಮನೆಯನ್ನೂ ಮಾಡಲಿಲ್ಲ. ತನ್ನ ಪಾದ್ರಿಗಳೂ ಹಾಗೇ ಇರಲಿ ಅಂತ ಆತನ ಆಸೆ.

ಕಾರ್ಟ್‌ರೈಟ್ 1808ರ ಆಗಸ್ಟ್‌ನಲ್ಲಿ ಫ್ರಾನ್ಸೆಸ್ ಗೇನ್ಸ್ ಅವರನ್ನು ಮದುವೆಯಾದ. ಒಂಬತ್ತು ಮಕ್ಕಳು. ತಿರುಗಾಟ ಮಾತ್ರ ನಿಲ್ಲಲಿಲ್ಲ. ಅಂದರೆ ಹೊಲ, ದನ, ಮಕ್ಕಳ ಜ್ವರ, ಬಂದ ಅತಿಥಿಗಳ ಊಟ ಎಲ್ಲ ಫ್ರಾನ್ಸೆಸ್ ಪಾಲಿಗೆ. ಆತನ ಆತ್ಮಕಥೆಯಲ್ಲಿ ಆಕೆಗೆ ಸಿಕ್ಕಿರುವ ಜಾಗ ಬಹಳ ಕಡಿಮೆ. ಇದು ಆ ಪುಸ್ತಕದ ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ.

1824ರಲ್ಲಿ ಕೆಂಟಕಿಯಿಂದ ಇಲಿನಾಯ್‌ಗೆ ಹೋಗುವಾಗ ಒಂದು ರಾತ್ರಿ ಬಯಲಿನಲ್ಲೇ ಮಲಗಿದ್ದರು. ಪಕ್ಕದ ಮರವೊಂದು ಉರುಳಿ ಮಗಳು ಸಿಂಥಿಯಾ ಮೇಲೆ ಬಿತ್ತು. ಹುಡುಗಿ ಅಲ್ಲೇ ತೀರಿಹೋದಳು. ಶವವನ್ನು ಬಂಡಿಯಲ್ಲಿಟ್ಟುಕೊಂಡು ಮುಂದೆ ಸಾಗಿ, ಜನವಸತಿ ಇರುವ ಕಡೆ ಮಣ್ಣು ಮಾಡಿದರು.

ಓದು ಬರಹ ಸರಿಯಾಗಿ ಇಲ್ಲದವರೆಲ್ಲ ಪಾದ್ರಿ ಆಗ್ತಿದ್ರಂತೆ. ಅದು ಸರೀನಾ?

ಸರಿಯೋ ತಪ್ಪೋ, ಮೆಥೋಡಿಸ್ಟರು ಗೆದ್ದದ್ದು ಅದರಿಂದಲೇ. ಪ್ರೆಸ್ಬಿಟೇರಿಯನ್ನರಿಗೆ ಪಾದ್ರಿ ಅಂದರೆ ಕಾಲೇಜು, ಲ್ಯಾಟಿನ್, ಗ್ರೀಕ್ ಎಲ್ಲ ಬೇಕು. ಆತ ಓದಿ ಮುಗಿಸುವ ಹೊತ್ತಿಗೆ ವಲಸೆ ಜನ ಇನ್ನೂ ನೂರು ಮೈಲಿ ಮುಂದೆ ಹೋಗಿರುತ್ತಿದ್ದರು. ಈ ಜಗಳದಲ್ಲೇ ಅವರ ಒಂದು ಗುಂಪು ಬೇರೆಯಾಗಿ 1810ರಲ್ಲಿ ಕಂಬರ್ಲೆಂಡ್ ಪ್ರೆಸ್ಬಿಟೇರಿಯನ್ ಸಭೆಯಾಯಿತು. ಬ್ಯಾಪ್ಟಿಸ್ಟ್ ಪಂಗಡದವರಿಗೆ ಈ ತೊಂದರೆ ಇರಲಿಲ್ಲ. ವಾರವೆಲ್ಲ ಉತ್ತು ಭಾನುವಾರ ಬೋಧಿಸುವ ರೈತನೇ ಅವರ ಪಾದ್ರಿ. ಮೆಥೋಡಿಸ್ಟರಿಗೆ ನಿಜವಾದ ಪೈಪೋಟಿ ಕೊಟ್ಟವರು ಅವರೇ.

ಕಾರ್ಟ್‌ರೈಟ್ ಈ ವಿಷಯದಲ್ಲಿ ಬಾಯಿ ಬಿಗಿ ಹಿಡಿದವನಲ್ಲ. ಅವರು ಕಡ್ಡಿ ಗೀರುವಷ್ಟರಲ್ಲಿ ನಮ್ಮ ಓದಿಲ್ಲದ ಪಾದ್ರಿಗಳು ಲೋಕಕ್ಕೇ ಬೆಂಕಿ ಹಚ್ಚಿದ್ದರು ಎಂಬ ಅರ್ಥದ ಮಾತು ಬರೆದಿದ್ದಾನೆ. ಇನ್ನೊಂದು ಪ್ರಸಂಗ. ಓದಿದ ಪಾದ್ರಿಯೊಬ್ಬ ಇವನನ್ನು ಪೇಚಿಗೆ ಸಿಕ್ಕಿಸಲು ಗ್ರೀಕ್‌ನಲ್ಲಿ ಏನೋ ಕೇಳಿದ. ಇವನಿಗೆ ಚಿಕ್ಕಂದಿನಲ್ಲಿ ಕಲಿತ ಒಂದಿಷ್ಟು ಜರ್ಮನ್ ಬರುತ್ತಿತ್ತು, ಅದರಲ್ಲೇ ಉತ್ತರ ಕೊಟ್ಟ. ಆತ ಅದನ್ನು ಹೀಬ್ರೂ ಎಂದುಕೊಂಡು, ಈತ ಓದಿದವನೇ ಎಂದು ಒಪ್ಪಿದನಂತೆ.

ಹಾಗಂತ ಆತ ವಿದ್ಯೆಗೆ ವಿರೋಧಿಯಲ್ಲ. ಮುಂದೆ ಬಿಷಪ್ ಆದ ವಿಲಿಯಂ ಮೆಕೆಂಡ್ರಿ ಏನೇನು ಓದಬೇಕು ಎಂದು ಹೇಳಿಕೊಟ್ಟು ಇವನನ್ನು ತಿದ್ದಿದ್ದರು. ಇಲಿನಾಯ್‌ಗೆ ಹೋದ ಮೇಲೆ ಮೆಕೆಂಡ್ರಿ ಕಾಲೇಜು, ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯ ಎರಡರ ಸ್ಥಾಪನೆಗೂ ಈತ ಓಡಾಡಿದ. ಪಾದ್ರಿಗೆ ಡಿಗ್ರಿ ಕಡ್ಡಾಯ ಮಾಡಬೇಡಿ ಅನ್ನುವುದಷ್ಟೇ ಅವನ ಹಟ.

ಕೂಟಕ್ಕೆ ಗಲಾಟೆ ಮಾಡೋಕೆ ಬಂದವರನ್ನ ಹೊಡೀತಿದ್ದ ಅನ್ನೋದು ನಿಜಾನಾ?

ನಿಜ, ಕನಿಷ್ಠ ಆತ ಹೇಳುವ ಪ್ರಕಾರ. ಒಂದು ಕ್ಯಾಂಪ್ ಮೀಟಿಂಗ್‌ಗೆ ಇಬ್ಬರು ಶೋಕಿಲಾಲರು ಚಾವಟಿ ಹಿಡಿದು ಬಂದು ಹೆಂಗಸರ ಕಡೆ ನಿಂತು ಗದ್ದಲ ಮಾಡಿದರು. ಇವರನ್ನು ಹಿಡಿಯಿರಿ ಎಂದರೆ ಅಲ್ಲಿದ್ದ ಮ್ಯಾಜಿಸ್ಟ್ರೇಟ್ ಕೈಲಾಗುವುದಿಲ್ಲ ಅಂದ. ಕಾರ್ಟ್‌ರೈಟ್ ವೇದಿಕೆಯಿಂದ ಇಳಿದು ಹೋಗಿ ಒಬ್ಬನನ್ನು ಕೆಡವಿ ಮೇಲೆ ಕೂತ. ಇಡೀ ಕೂಟ ರಣರಂಗವಾಯಿತು. ಗಲಾಟೆಯವರಿಗೆ ದಂಡ ಬಿತ್ತು. ಉಳಿದ ಪಾದ್ರಿಗಳು ಕೈಗೆ ರಕ್ತ ಅಂಟಿದೆ ಅಂತ ಮಂಕಾಗಿ ಕೂತಿದ್ದರೆ, ಈತ ಎದ್ದು ನಿಂತು 'ಪಾತಾಳಲೋಕದ ದ್ವಾರಗಳು ಅದನ್ನು ಜಯಿಸಲಾರವು' ಎಂಬ ವಾಕ್ಯ ಹಿಡಿದು ಬೋಧಿಸಿದ.

ನದಿ ದೋಣಿಯ ಪೈಲ್ವಾನ ಮೈಕ್ ಫಿಂಕ್‌ನನ್ನು ಹೊಡೆದು ಪ್ರಾರ್ಥನೆ ಹೇಳಿಸಿದ ಎಂಬ ಕಥೆ ಮಾತ್ರ ಸುಳ್ಳು. ಯಾರೋ ಹುಟ್ಟಿಸಿದ್ದು.

## ಇಕ್ಕಟ್ಟಿನ ಪ್ರಶ್ನೆಗಳು

ಗುಲಾಮಗಿರಿ ಬಗ್ಗೆ ಏನು ಹೇಳ್ತಿದ್ದ? ಅಥವಾ ಸುಮ್ನೆ ಇದ್ದನಾ?

ಸುಮ್ಮನಿರಲಿಲ್ಲ. ಆದರೆ ನಾವು ಬಯಸುವಷ್ಟು ಮುಂದೆಯೂ ಹೋಗಲಿಲ್ಲ. ಇಲಿನಾಯ್‌ಗೆ ಹೋದದ್ದಕ್ಕೆ ಆತ ಕೊಡುವ ಮೊದಲ ಕಾರಣ ಗುಲಾಮಗಿರಿಯಿಂದ ದೂರ ಹೋಗಬೇಕು ಎನ್ನುವುದು. ಮಕ್ಕಳು ಗುಲಾಮರನ್ನು ಇಟ್ಟುಕೊಂಡ ಮನೆಗಳಿಗೆ ಮದುವೆಯಾಗಿ ಹೋದಾರು ಎಂಬ ಭಯವಿತ್ತು. ಮಕ್ಕಳಿಗೆ ಜಮೀನು ಮಾಡಬೇಕು ಎನ್ನುವುದೂ ಇತ್ತು, ಅದನ್ನೂ ಮುಚ್ಚಿಡದೆ ಹೇಳಿದ್ದಾನೆ.

ಸಭೆಯ ಕಥೆಯೂ ಇದೇ. 1784ರಲ್ಲಿ ಬಾಲ್ಟಿಮೋರ್‌ನಲ್ಲಿ ಅಮೆರಿಕದ ಮೆಥೋಡಿಸ್ಟ್ ಸಭೆ ಹುಟ್ಟಿದಾಗ, ಸದಸ್ಯರು ತಮ್ಮ ಗುಲಾಮರನ್ನು ಬಿಡುಗಡೆ ಮಾಡಲೇಬೇಕು ಎಂಬ ನಿಯಮ ಮಾಡಿದರು. ವರ್ಷ ತುಂಬುವುದರೊಳಗೆ ಅದನ್ನು ಬದಿಗಿಟ್ಟರು. ದಕ್ಷಿಣದಲ್ಲಿ ಸಭೆ ಬೆಳೆದ ಹಾಗೆಲ್ಲ ನಿಯಮ ಸಡಿಲವಾಯಿತು. 1844ರಲ್ಲಿ ಮದುವೆಯ ಮೂಲಕ ಗುಲಾಮರ ಒಡೆಯನಾದ ಬಿಷಪ್ ಜೇಮ್ಸ್ ಆಂಡ್ರೂ ವಿಷಯಕ್ಕೆ ಜಗಳ ಹತ್ತಿ ಸಭೆಯೇ ಎರಡಾಯಿತು. ಕಾರ್ಟ್‌ರೈಟ್ ಉತ್ತರದವರ ಜೊತೆ ನಿಂತ. ಆದರೆ ಗುಲಾಮಗಿರಿ ತಕ್ಷಣ ನಿಲ್ಲಬೇಕು ಎಂದು ಹೋರಾಡುತ್ತಿದ್ದವರನ್ನೂ ಕಂಡರಾಗುತ್ತಿರಲಿಲ್ಲ. ಬುದ್ಧಿ ಹೇಳಿ ಒಡೆಯರ ಮನಸ್ಸು ತಿರುಗಿಸಬೇಕು, ಇವರು ಕೆಲಸ ಕೆಡಿಸುತ್ತಾರೆ ಎಂಬುದು ಅವನ ವಾದ. ಬುದ್ಧಿಮಾತಿಗೆ ಗುಲಾಮಗಿರಿ ನಿಲ್ಲಲಿಲ್ಲ. ಯುದ್ಧವೇ ಬೇಕಾಯಿತು.

ಮುಂದೆ ಅಮೆರಿಕದ ಅಧ್ಯಕ್ಷನಾದ ಜನರಲ್ ಆಂಡ್ರೂ ಜಾಕ್ಸನ್ ಕೂಟಕ್ಕೆ ಬಂದಾಗ, ಯಾರಾದರೇನು, ಪರಿವರ್ತನೆ ಆಗದಿದ್ದರೆ ನರಕಕ್ಕೇ ಎಂದು ಅವನ ಎದುರೇ ಗದರಿದ ಕಥೆ ಎಲ್ಲ ಕಡೆ ಹೇಳುತ್ತಾರೆ. ಮೂಲದಲ್ಲಿ ಆತ ಹೋಲಿಸಿದ್ದು ಒಬ್ಬ ಕರಿಯ ಗುಲಾಮನಿಗೆ, ಅದೂ ಕೀಳು ಮಾಡುವ ಮಾತಿನಲ್ಲಿ. ಹೇಳುವವರು ಆ ತುಂಡನ್ನು ಜಾಣತನದಿಂದ ಬಿಟ್ಟುಬಿಡುತ್ತಾರೆ.

ಆ ನೆಲ ಮೊದಲು ಬೇರೆಯವರದಲ್ವಾ? ಅದರ ಬಗ್ಗೆ ಈ ಪಾದ್ರಿಗಳಿಗೆ ಏನೂ ಅನ್ನಿಸ್ತಿರಲಿಲ್ವಾ?

ಬೇರೆಯವರದೇ. ಕೆಂಟಕಿಯ ಕಾಡು ಶಾನಿ, ಚೆರೋಕಿ ಜನರ ಬೇಟೆಯ ನೆಲ. ಇಲಿನಾಯ್‌ನಲ್ಲಿ ಕಾರ್ಟ್‌ರೈಟ್ ಮನೆ ಮಾಡಿದ ಸಂಗಮನ್ ಸೀಮೆಯ ನೆಲವನ್ನು ಕಿಕಪೂ ಜನ 1819ರ ಎಡ್ವರ್ಡ್ಸ್‌ವಿಲ್ ಒಪ್ಪಂದದಲ್ಲಿ ಬಿಟ್ಟುಕೊಡಬೇಕಾಯಿತು. ಐದು ವರ್ಷದಲ್ಲಿ ಇವರ ಬಂಡಿ ಅಲ್ಲಿಗೆ ಬಂತು. 1830ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯಾಚೆಗೆ ಸಾಗಿಸುವ ಕಾನೂನೇ ಬಂತು.

ಕಾರ್ಟ್‌ರೈಟ್ ಬಾಲ್ಯದ ನೆನಪುಗಳಲ್ಲಿ ಅವರು ಬರುವುದು ದಾಳಿ ಮಾಡುವವರಾಗಿ. ದಾರಿಯಲ್ಲಿ ಹೆಣಗಳನ್ನು ಕಂಡ ಹುಡುಗ ಅವನು, ಆ ಭಯ ಸುಳ್ಳಲ್ಲ. ಮುಂದೆ ಇಲಿನಾಯ್‌ನಲ್ಲಿ ಜೆಸ್ಸಿ ವಾಕರ್ ಪೊಟವಟಮಿ ಜನರ ನಡುವೆ ನಡೆಸಿದ ಮಿಷನ್‌ಗೆ ಈತ ಬೆಂಬಲವಾಗಿ ನಿಂತ. ಅವರ ಆತ್ಮದ ಚಿಂತೆ ಇತ್ತು. ಅವರ ನೆಲದ ಪ್ರಶ್ನೆ ಕಾಡಿದ ಹಾಗೆ ಕಾಣುವುದಿಲ್ಲ. ವಲಸೆ ಬಂದವರ ಸಭೆ ವಲಸೆಯ ಮೇಲೆಯೇ ನಿಂತಿತ್ತು. ಅದನ್ನು ತಪ್ಪು ಅಂದರೆ ತಮ್ಮ ಕಾಲ ಕೆಳಗಿನ ನೆಲವನ್ನೇ ಪ್ರಶ್ನಿಸಿದಂತೆ.

ಲಿಂಕನ್ ಜೊತೆಗಿನ ಚುನಾವಣೆ ಕಥೆ ಏನು?

ಎರಡು ಸಲ ಮುಖಾಮುಖಿ. 1832ರಲ್ಲಿ ಇಬ್ಬರೂ ಇಲಿನಾಯ್ ಶಾಸನಸಭೆಗೆ ನಿಂತರು. ಕಾರ್ಟ್‌ರೈಟ್ ಗೆದ್ದ, ಯುವಕ ಲಿಂಕನ್ ಸೋತ. 1846ರಲ್ಲಿ ಅಮೆರಿಕದ ಕಾಂಗ್ರೆಸ್‌ಗೆ ಚುನಾವಣೆ. ಕಾರ್ಟ್‌ರೈಟ್ ಡೆಮಾಕ್ರಟ್ ಪಕ್ಷ, ಲಿಂಕನ್ ಅದರ ಎದುರಾಳಿ ವಿಗ್ ಪಕ್ಷ. ಲಿಂಕನ್ ನಾಸ್ತಿಕ ಎಂದು ಕಾರ್ಟ್‌ರೈಟ್ ಕಡೆಯವರು ಗುಲ್ಲೆಬ್ಬಿಸಿದರು. ಲಿಂಕನ್ ಕರಪತ್ರ ಅಚ್ಚು ಹಾಕಿಸಿ, ನಾನು ಯಾವ ಚರ್ಚಿನ ಸದಸ್ಯನೂ ಅಲ್ಲ ಎನ್ನುವುದು ನಿಜ, ಆದರೆ ಸತ್ಯವೇದವನ್ನು ಎಂದೂ ಅಲ್ಲಗಳೆದಿಲ್ಲ ಎಂದು ಉತ್ತರಿಸಿದ. ಲಿಂಕನ್‌ಗೆ 6,340 ಮತ, ಕಾರ್ಟ್‌ರೈಟ್‌ಗೆ 4,829. ಪಾದ್ರಿಗೆ ರಾಜಕೀಯ ಏಕೆ ಎಂದು ಸ್ವಂತ ಸಭೆಯವರಲ್ಲೇ ಗೊಣಗಿದವರಿದ್ದರು.

ಇಬ್ಬರೂ ಮತ್ತೆ ಎದುರಾದದ್ದು 1859ರಲ್ಲಿ, ಕೋರ್ಟಿನಲ್ಲಿ. ಕಾರ್ಟ್‌ರೈಟ್ ಮೊಮ್ಮಗ ಪೀಚಿ ಕ್ವಿನ್ ಹ್ಯಾರಿಸನ್ ಮೇಲೆ ಕೊಲೆ ಆರೋಪ. ಅವನ ಪರ ವಕೀಲ ಲಿಂಕನ್! ಸಾಯುವಾಗ ಇರಿತಕ್ಕೊಳಗಾದವನೇ ಹುಡುಗನನ್ನು ಕ್ಷಮಿಸಿದ್ದ ಎಂದು ಅಜ್ಜ ಸಾಕ್ಷಿ ಹೇಳಿದ. ಮೊಮ್ಮಗ ಬಿಡುಗಡೆಯಾದ.

12,000 ಜನಕ್ಕೆ ದೀಕ್ಷಾಸ್ನಾನ ಅಂತ ಓದಿದೆ. ಇದೆಲ್ಲ ನಂಬೋದಾ?

ಆ ಸಂಖ್ಯೆ ಆತನ ಆತ್ಮಕಥೆಯದು. ಅದು 1856ರಲ್ಲಿ ಅಚ್ಚಾಯಿತು. 8,000 ಮಕ್ಕಳು, 4,000 ದೊಡ್ಡವರು, 14,600 ಬೋಧನೆಗಳು ಅಂತ ಲೆಕ್ಕ ಕೊಟ್ಟಿದ್ದಾನೆ. ಬೋಧನೆಗಳ ಸಂಖ್ಯೆಯನ್ನು ಐವತ್ತು ಚಿಲ್ಲರೆ ವರ್ಷಕ್ಕೆ ಹಂಚಿದರೆ ವಾರಕ್ಕೆ ಐದಾರು ಬರುತ್ತದೆ. ಸರ್ಕಿಟ್ ನಡೆಯುತ್ತಿದ್ದ ಬಗೆ ನೋಡಿದರೆ ಇದು ಆಗದ್ದೇನಲ್ಲ. ಅಂದಾಜು ಅಂತ ಇಟ್ಟುಕೊಳ್ಳಿ, ಕಟ್ಟುಕಥೆ ಅಲ್ಲ.

ಪ್ರಸಂಗಗಳ ವಿಷಯ ಬೇರೆ. ಎಪ್ಪತ್ತರ ಮುದುಕ, ಕಥೆ ಹೇಳುವುದರಲ್ಲಿ ಎತ್ತಿದ ಕೈ, ಪ್ರತಿ ಕಥೆಯಲ್ಲೂ ಗೆಲ್ಲುವವನು ತಾನೇ. ಬ್ಯಾಪ್ಟಿಸ್ಟರು, ಮಾರ್ಮನ್ನರು, ಗ್ರೀಕ್ ಓದಿದವರು ಎಲ್ಲ ಬಾಯಿ ಮುಚ್ಚಿಕೊಂಡೇ ಹೋಗುತ್ತಾರೆ. ಸಂಭಾಷಣೆಗಳನ್ನು ನಾನು ಅಕ್ಷರಶಃ ತಗೊಳ್ಳುವುದಿಲ್ಲ. ಆದರೆ ನಡುನಡುವೆ ತನಗೇ ಗೊತ್ತಿಲ್ಲದಂತೆ ಬಿಟ್ಟುಹೋದ ವಿವರಗಳಿವೆ: ಕ್ಲಾಸ್‌ನಲ್ಲಿ ಎಷ್ಟು ಜನ, ಲೀಡರ್ ಯಾರು, ಜೇಬಿನಲ್ಲಿ ಎಷ್ಟು ಕಾಸು. ಸುಳ್ಳು ಹೇಳಿ ಲಾಭವಿಲ್ಲದ ಇಂಥ ವಿವರಗಳನ್ನು ಹೆಚ್ಚು ನಂಬಬಹುದು.

ಅಷ್ಟು ಚೆನ್ನಾಗಿದ್ದ ಸರ್ಕಿಟ್ ವ್ಯವಸ್ಥೆ ಆಮೇಲೆ ಏಕೆ ನಿಂತುಹೋಯ್ತು?

ಗೆದ್ದದ್ದಕ್ಕೆ. 1784ರಲ್ಲಿ ಸುಮಾರು 15,000 ಇದ್ದ ಮೆಥೋಡಿಸ್ಟರು 1844ಕ್ಕೆ ಹತ್ತು ಲಕ್ಷ ದಾಟಿದರು. ಕ್ಯಾಬಿನ್ ಹೋಗಿ ಊರಾಯಿತು, ಊರಿಗೆ ಇಟ್ಟಿಗೆಯ ಚರ್ಚ್ ಬಂತು, ಚರ್ಚಿನವರಿಗೆ ತಮ್ಮದೇ ಪಾದ್ರಿ ಬೇಕಾಯಿತು. ಒಬ್ಬ ಪಾದ್ರಿ ಎರಡು ವರ್ಷಕ್ಕಿಂತ ಹೆಚ್ಚು ಒಂದೇ ಕಡೆ ಇರಬಾರದು ಎಂಬ 1804ರ ನಿಯಮವೂ ಮೆಲ್ಲಗೆ ಸಡಿಲವಾಯಿತು. ಪಾದ್ರಿ ಊರಲ್ಲೇ ಇರುವಾಗ ಕ್ಲಾಸ್ ಲೀಡರ್‌ಗೆ ಏನು ಕೆಲಸ? ವಾರದ ಕೂಟಗಳು ಒಂದೊಂದಾಗಿ ನಿಂತವು. ದುಡ್ಡು ಕೊಟ್ಟವರಿಗೆ ಕಾದಿರಿಸಿದ ಬೆಂಚು, ವಾದ್ಯ, ಹಾಡುವ ತಂಡ ಬಂದವು. ಮುದುಕ ಕಾರ್ಟ್‌ರೈಟ್ ಇದನ್ನೆಲ್ಲ ನೋಡಿ ಸಿಡಿಮಿಡಿಗೊಳ್ಳುತ್ತಿದ್ದ.

ನಮ್ಮ ಕರ್ನಾಟಕದ ಮೆಥೋಡಿಸ್ಟ್ ಚರ್ಚುಗಳಿಗೂ ಇವರಿಗೂ ಏನಾದ್ರೂ ನಂಟಿದೆಯಾ?

ಕಾರ್ಟ್‌ರೈಟ್‌ಗೆ ನೇರ ನಂಟಿಲ್ಲ. ಅದೇ ಪರಂಪರೆಯ ಇನ್ನೊಬ್ಬನಿಗೆ ಇದೆ. ವಿಲಿಯಂ ಟೇಲರ್ ಕೂಡ ವರ್ಜೀನಿಯಾದವನೇ. 1849ರಲ್ಲಿ ಚಿನ್ನದ ಹುಚ್ಚು ಹಿಡಿದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ, ಜೂಜುಕಟ್ಟೆಗಳ ಎದುರು ಬೀದಿಯಲ್ಲಿ ನಿಂತು ಏಳು ವರ್ಷ ಬೋಧಿಸಿದ. ಆಮೇಲೆ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ತಿರುಗಿ 1870ರಲ್ಲಿ ಭಾರತಕ್ಕೆ ಬಂದ. ಬೊಂಬಾಯಿ, ಕಲ್ಕತ್ತ, ಮದರಾಸು ಆದ ಮೇಲೆ ಬೆಂಗಳೂರು ಕಂಟೋನ್ಮೆಂಟ್‌ಗೂ ಬಂದ. ಮೊದಲು ಇಂಗ್ಲಿಷ್ ಮಾತಾಡುವವರ ಮನೆಗಳಲ್ಲಿ ಕ್ಲಾಸ್ ಮಾಡಿ ಅವರಿಂದಲೇ ನಡೆಸಿದ. ಅಮೆರಿಕದ ದುಡ್ಡಿಗೆ ಕಾಯಬೇಡಿ, ನಿಮ್ಮ ಸಭೆಯನ್ನು ನೀವೇ ಸಾಕಿಕೊಳ್ಳಿ ಎಂಬುದು ಅವನ ಪಾಠ. ಕೆಂಟಕಿಯ ಹಳೆಯ ಉಪಾಯವೇ ಇದು. 1880ರಲ್ಲಿ ಶುರುವಾದ ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳು ಈ ಮಿಷನ್‌ನವು. ಹೆಸರು ಹಣ ಕೊಟ್ಟ ಒಹಾಯೊದ ಜಾನ್ ಬಾಲ್ಡ್‌ವಿನ್ ಅವರದು. ಕೋಲಾರ, ಬೀದರ್, ಬೆಳಗಾವಿ ಕಡೆಯ ಮೆಥೋಡಿಸ್ಟ್ ಸಭೆಗಳೂ ಈ ಅಮೆರಿಕನ್ ಕವಲಿಗೇ ಸೇರಿದವು.

ಮೈಸೂರು ಸೀಮೆಯ ಹಳೆಯ ವೆಸ್ಲಿಯನ್ ಮಿಷನ್ ಬೇರೆ. ಅವರೂ ಮೆಥೋಡಿಸ್ಟರೇ, ಆದರೆ ಇಂಗ್ಲೆಂಡಿನಿಂದ ಬಂದವರು, 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದರು. ಇವೆರಡನ್ನೂ ಒಂದೇ ಎಂದುಕೊಳ್ಳುವವರು ಜಾಸ್ತಿ.

ಅಣ್ಣ ಚಿಕಾಗೋದಲ್ಲಿದ್ದಾನೆ, ಬೇಸಿಗೆಗೆ ಹೋಗ್ತಿದ್ದೀವಿ. ನೋಡೋಕೆ ಏನಾದ್ರೂ ಉಳಿದಿದೆಯಾ?

ಲಿಂಕನ್ ಮನೆ ನೋಡಲು ಸ್ಪ್ರಿಂಗ್‌ಫೀಲ್ಡ್‌ಗೆ ಹೇಗೂ ಹೋಗುತ್ತೀರಿ. ಅಲ್ಲಿಂದ ಪ್ಲೆಸೆಂಟ್ ಪ್ಲೇನ್ಸ್ ಕಾರಿನಲ್ಲಿ ಅರ್ಧ ಗಂಟೆಯ ಆಸುಪಾಸು. ಸಣ್ಣ ಊರು, ಸುತ್ತ ಮೆಕ್ಕೆಜೋಳದ ಹೊಲ. ಕಾರ್ಟ್‌ರೈಟ್ ಹೆಸರಿನ ಮೆಥೋಡಿಸ್ಟ್ ಚರ್ಚ್ ಇದೆ. ಗಂಡ ಹೆಂಡತಿ ಇಬ್ಬರ ಸಮಾಧಿಯೂ ಅದೇ ಊರಿನಲ್ಲಿದೆ. ಲಿಂಕನ್ ಯುವಕನಾಗಿದ್ದಾಗ ಇದ್ದ ನ್ಯೂ ಸೇಲಂ ಹಳ್ಳಿಯನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ, ಅದೂ ಹತ್ತಿರವೇ. ಆಗಿನ ಮರದ ದಿಮ್ಮಿಯ ಮನೆಗಳು ಎಷ್ಟು ಚಿಕ್ಕವು, ಅದರಲ್ಲಿ ಕ್ಲಾಸ್ ಹೇಗೆ ಕೂರುತ್ತಿತ್ತು ಎಂದು ಅಲ್ಲಿ ನೋಡಿದರೆ ಅಂದಾಜು ಸಿಗುತ್ತದೆ. ಕೆಂಟಕಿ ಕಡೆ ಹೋಗುವುದಾದರೆ ಕೇನ್ ರಿಜ್‌ನಲ್ಲಿ 1791ರ ದಿಮ್ಮಿಯ ಪ್ರಾರ್ಥನಾ ಮಂದಿರ ಇನ್ನೂ ಇದೆ. ಮಳೆ ಬಿಸಿಲಿಗೆ ಹಾಳಾಗದಿರಲಿ ಅಂತ ಅದರ ಮೇಲೆ ಕಲ್ಲಿನ ಇನ್ನೊಂದು ಕಟ್ಟಡವನ್ನೇ ಕಟ್ಟಿದ್ದಾರೆ. ಹೊರಡುವ ಮೊದಲು ತೆರೆದಿರುವ ದಿನಗಳನ್ನು ವಿಚಾರಿಸಿಕೊಳ್ಳಿ.